ಕೂಸು ಕೂರುವ ಕಾಲ

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿನಿ)

ದನದ ಕರು ಹುಟ್ಟಿದ ಒಂದೆರಡು ಗಂಟೆಗಳಲ್ಲಿಯೇ ನಡುಗುವ ಕಾಲುಗಳ ಮೇಲೆ ಎದ್ದು ನಿಂತು ತಾಯಿಯ ಕೆಚ್ಚಲನ್ನು ಹುಡುಕಿಕೊಂಡು ಹೋಗುತ್ತದೆ. ಕೋಳಿಮರಿ ಮೊಟ್ಟೆಯೊಡೆದು ಹೊರಬಂದ ಸ್ವಲ್ಪ ಹೊತ್ತಿನಲ್ಲಿಯೇ ತಾಯಿಯ ಹಿಂದೆ ಓಡಾಡತೊಡಗುತ್ತದೆ. ಸಕಲ ಪ್ರಾಣಿಗಳಲ್ಲಿ ಬುದ್ಧಿವಂತನೆನಿಸಿಕೊಂಡ ಮನುಷ್ಯನ ಕೂಸಿಗೆ ಮಾತ್ರ, ನಡೆಯುವುದಿರಲಿ, ಯಾರ ಆಸರೆಯೂ ಇಲ್ಲದೆ ಸುಮ್ಮನೆ ಕೂರುವುದಕ್ಕೇ ಅರ್ಧ ವರ್ಷ ಬೇಕು. ಅಷ್ಟು ದೀರ್ಘವಾದ ಈ ಸಾಧನೆಯನ್ನು ನಾವು ಸಾಧನೆಯೆಂದೇ ಎಣಿಸುವುದಿಲ್ಲ. ಮೊದಲ ಮಾತನ್ನು ನೆನಪಿಟ್ಟುಕೊಳ್ಳುತ್ತೇವೆ, ಮೊದಲ ಹೆಜ್ಜೆಯನ್ನು ನೆನಪಿಟ್ಟುಕೊಳ್ಳುತ್ತೇವೆ. ಮೊದಲು ಕೂತ ದಿನವನ್ನು ಕೇಳಿದರೆ ಹೇಳುವವರು ಕಡಿಮೆ.

ಕಾಲೇಜಿನ ವಾರ್ಷಿಕ ಸಂಚಿಕೆಗೆ ಇದೆಂಥ ವಿಷಯವೆಂದು ಮಿತ್ರರು ನಗಬಹುದು. ಕುಮಾರವ್ಯಾಸನ ರೂಪಕಗಳನ್ನೋ ಪಂಚಾಯತಿ ರಾಜ್ಯದ ಗುಣದೋಷಗಳನ್ನೋ ಕುರಿತು ಬರೆಯಬಹುದಾಗಿತ್ತು. ಆದರೆ ನಾನು ಬೆಳೆದ ಕಾಫಿ ತೋಟದ ಲೈನಿನಲ್ಲಿ ಇವೆರಡರ ಮಾತು ವರ್ಷಕ್ಕೊಮ್ಮೆಯೂ ಬಾರದು, "ಕೂಸು ಕೂತ್ತಾ?" ಎಂಬ ಪ್ರಶ್ನೆ ನಲ್ಲಿಯ ಹತ್ತಿರ ದಿನವೂ ಕೇಳಿಬರುತ್ತದೆ. ಮನಶ್ಶಾಸ್ತ್ರದ ತರಗತಿಯಲ್ಲಿ ಶಿಶುವಿನ ಬೆಳವಣಿಗೆಯ ಪಾಠ ನಡೆದಾಗ ಪುಸ್ತಕದಲ್ಲಿ "ಸುಮಾರು ಆರನೆಯ ತಿಂಗಳು" ಎಂದು ಒಂದೇ ಸಾಲಿನಲ್ಲಿ ವಿಷಯ ಮುಗಿದಿತ್ತು. ಅದೇ ವಾರ ಊರಿಗೆ ಹೋದಾಗ, ಏಳು ತಿಂಗಳು ತುಂಬಿದರೂ ನಮ್ಮಕ್ಕನ ಮಗು ಕೂತಿಲ್ಲವೆಂದು ಲೈನಿನ ಹೆಂಗಸರು ಅಕ್ಕನನ್ನೇ ವಿಚಾರಣೆಗೆ ಗುರಿಮಾಡಿದ್ದರು. "ಮೂರು ಹೊತ್ತೂ ಜೋಲಿಲೇ ಬಿಟ್ರೆ ಬೆನ್ನು ಹೆಂಗೆ ಗಟ್ಟಿಯಾಗ್ತದೆ ಮಾರಾಯ್ತಿ?" ಎಂದು ಒಬ್ಬರು. "ಅದರ ಅಪ್ಪನ ಕಡೆಯೋರೆಲ್ಲ ಹಂಗೇ, ಮಂದ" ಎಂದು ಇನ್ನೊಬ್ಬರು. ಒಂದು ಮಾತು ತಾಯಿಯ ಆರೈಕೆಯನ್ನು ದೂರುತ್ತದೆ, ಇನ್ನೊಂದು ವಂಶವನ್ನು ದೂರುತ್ತದೆ. ವಿದ್ವಾಂಸರು ನೂರು ವರ್ಷಗಳಿಂದ ವಾದಿಸುತ್ತಿರುವ ಎರಡು ಪಕ್ಷಗಳೂ ಇವೇ ಎಂಬುದು ಆಮೇಲೆ ಗ್ರಂಥಾಲಯದಲ್ಲಿ ಓದುವಾಗ ತಿಳಿಯಿತು.

ಮೊದಲು "ಕೂರುವುದು" ಎಂದರೆ ಏನೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ನಲ್ಲಿಯ ಹತ್ತಿರದ ಜಗಳದಲ್ಲಿ ಅರ್ಧಪಾಲು ಹುಟ್ಟುವುದು ಇಲ್ಲಿಯೇ. ನಮ್ಮ ಜನ ಈ ಒಂದೇ ಮಾತಿನಲ್ಲಿ ಮೂರು ಬೇರೆಬೇರೆ ಕೆಲಸಗಳನ್ನು ಹೇಳುತ್ತಾರೆ. ದೊಡ್ಡವರು ಕೂರಿಸಿದಾಗ ಎರಡು ಕೈಗಳನ್ನೂ ಮುಂದೆ ನೆಲಕ್ಕೆ ಊರಿಕೊಂಡು ಕಪ್ಪೆಯಂತೆ ಕೂರುವುದು ಒಂದು. ಕೂರಿಸಿದ ಮೇಲೆ ಕೈಯೂರದೆ, ಬೆನ್ನು ನೆಟ್ಟಗಿಟ್ಟುಕೊಂಡು ಕೂರುವುದು ಇನ್ನೊಂದು. ಮಲಗಿದ್ದಲ್ಲಿಂದ ತಾನೇ ಎದ್ದು ಕೂರುವುದು ಮೂರನೆಯದು. ಇದು ಸಾಮಾನ್ಯವಾಗಿ ಎಂಟನೆಯ ತಿಂಗಳ ಹೊತ್ತಿಗೆ ಬರುತ್ತದೆ. ಪಕ್ಕದ ಮನೆಯವರ ಕೂಸು "ಐದಕ್ಕೇ ಕೂತಿತು" ಎನ್ನುವಾಗ ಬಹುಶಃ ಮೊದಲನೆಯದನ್ನು ಹೇಳುತ್ತಿರುತ್ತಾರೆ. ನಮ್ಮ ಮನೆಯ ಕೂಸನ್ನು ಅಳೆಯುವಾಗ ಎರಡನೆಯದನ್ನೋ ಮೂರನೆಯದನ್ನೋ ಕೇಳುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯವರು ಎರಡನೆಯದನ್ನು ಆರಿಸಿಕೊಂಡು ಅದಕ್ಕೆ ಸ್ಪಷ್ಟವಾದ ಲಕ್ಷಣವನ್ನು ಹೇಳಿದ್ದಾರೆ. ತಲೆಯೆತ್ತಿ, ನೆಟ್ಟಗೆ, ಕೈಗಳ ಆಸರೆಯನ್ನು ತೆಗೆದುಕೊಳ್ಳದೆ ಕಡಮೆಯೆಂದರೆ 10 ಸೆಕೆಂಡು ಕೂತರೆ ಕೂಸು ಕೂತಿತೆಂದು ಲೆಕ್ಕ. ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕಾ ಈ ಐದು ದೇಶಗಳ 816 ಮಕ್ಕಳನ್ನು ತಿಂಗಳು ತಿಂಗಳೂ ನೋಡಿ 2006 ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸರಾಸರಿ ಆರು ತಿಂಗಳು ಎಂಬುದು ನಿಜವೇ. ಆದರೆ ಸರಾಸರಿಗಿಂತ ಮುಖ್ಯವಾದುದು ಅದರ ಹರವು. ಆರೋಗ್ಯವಂತ ಮಕ್ಕಳಲ್ಲಿ ತೀರ ಬೇಗ ಕೂತವು 3.8 ತಿಂಗಳಿಗೆ, ತೀರ ನಿಧಾನವಾಗಿ ಕೂತವು 9.2 ತಿಂಗಳಿಗೆ. ನಡುವೆ ಐದು ತಿಂಗಳಿಗೂ ಹೆಚ್ಚಿನ ಅಂತರ! ನಡೆಯುವುದರಲ್ಲಿ ಈ ಹರವು ಇನ್ನೂ ದೊಡ್ಡದು, 8.2 ರಿಂದ 17.6 ತಿಂಗಳು. ನೂರಕ್ಕೆ ಸುಮಾರು ನಾಲ್ಕು ಮಕ್ಕಳಂತೂ ಅಂಬೆಗಾಲನ್ನೇ ಇಕ್ಕದೆ ಎದ್ದು ನಡೆದುಬಿಟ್ಟವು. ಹೀಗಿರುವಾಗ ಏಳು ತಿಂಗಳ ಕೂಸನ್ನು ಮಂದವೆನ್ನುವುದಕ್ಕೆ ಆಧಾರವಿಲ್ಲ. ಒಂದು ಮಾತನ್ನು ಮಾತ್ರ ಮರೆಯಬಾರದು. ಆ ಅಧ್ಯಯನಕ್ಕೆ ಭಾರತದಿಂದ ತೆಗೆದುಕೊಂಡ ಮಕ್ಕಳು ದಕ್ಷಿಣ ದೆಹಲಿಯ ಅನುಕೂಲಸ್ಥರ ಮನೆಯವು, ಹೊಟ್ಟೆತುಂಬ ಹಾಲು ಕುಡಿದು ಒಳ್ಳೆಯ ಮನೆಯಲ್ಲಿ ಬೆಳೆದವು. ಎಲ್ಲ ಅನುಕೂಲಗಳಿದ್ದರೂ ಒಂಬತ್ತು ತಿಂಗಳ ತನಕ ಹೋಗಬಹುದೆಂದಾದ ಮೇಲೆ, ಲೈನಿನ ಕೂಸಿಗೆ ಐದನೆಯ ತಿಂಗಳ ಗಡುವು ಹಾಕುವುದು ಅನ್ಯಾಯವಲ್ಲವೇ?

ಅರ್ಧ ವರ್ಷ ಏತಕ್ಕೆ ಬೇಕು? ಹುಟ್ಟಿದ ಕೂಸಿನ ತಲೆ ಅದರ ಉದ್ದದ ಕಾಲುಭಾಗ. ಅಷ್ಟು ಭಾರವಾದ ತಲೆಯನ್ನು ಎಳೆಯ ಕತ್ತಿನ ಮೇಲೆ ನಿಲ್ಲಿಸುವುದೇ ಮೊದಲ ಕೆಲಸ. ದೇಹದ ಮೇಲಿನ ಹತೋಟಿ ತಲೆಯಿಂದ ಕೆಳಕ್ಕೆ ಇಳಿಯುತ್ತ ಬರುತ್ತದೆ. ಮೊದಲು ಕತ್ತು, ಆಮೇಲೆ ಭುಜ, ಬೆನ್ನಿನ ಮೇಲ್ಭಾಗ, ಕೊನೆಗೆ ಸೊಂಟ. ನಮ್ಮ ಅಜ್ಜಿಯರು "ಕತ್ತು ನಿಂತಿತು, ಇನ್ನು ಬೆನ್ನು ನಿಲ್ಲಬೇಕು" ಎನ್ನುವುದು ಈ ಕ್ರಮವನ್ನೇ. ಹುಟ್ಟುವಾಗ ಬೆನ್ನೆಲುಬು ಕುಡುಗೋಲಿನಂತೆ ಒಂದೇ ಬಾಗಾಗಿರುತ್ತದೆ. ತಲೆಯೆತ್ತತೊಡಗಿದ ಮೇಲೆ ಕತ್ತಿನ ಬಳಿ ಅದು ಎದುರು ಬಾಗುತ್ತದೆ. ಕೂತು ನಿಲ್ಲತೊಡಗಿದ ಮೇಲೆ ಸೊಂಟದ ಬಳಿ ಇನ್ನೊಂದು ಬಾಗು ಮೂಡುತ್ತದೆ. ಬಲವೊಂದಿದ್ದರೆ ಸಾಲದು, ತೂಗಿಕೊಳ್ಳುವುದೂ ಬರಬೇಕು. ಒಳಕಿವಿಯ ಸಮತೋಲನದ ಅಂಗ, ಕಣ್ಣು, ಸ್ನಾಯು ಮೂರೂ ಒಂದಾಗಿ ಕ್ಷಣಕ್ಷಣಕ್ಕೂ ವಾಲಿದ್ದನ್ನು ಸರಿಪಡಿಸುತ್ತಿರಬೇಕು. 1977 ರಲ್ಲಿ ಬಟರ್‌ವರ್ತ್ ಮತ್ತು ಹಿಕ್ಸ್ ಎಂಬುವರು ಒಂದು ವಿನೋದವಾದ ಪ್ರಯೋಗವನ್ನು ಮಾಡಿದರು. ನೆಲ ಅಲುಗದಂತೆ ಗೋಡೆಗಳನ್ನು ಮಾತ್ರ ಸರಿಸಬಹುದಾದ ಕೋಣೆಯಲ್ಲಿ ಹೊಸದಾಗಿ ಕೂರಲು ಕಲಿತ ಕೂಸುಗಳನ್ನು ಕೂರಿಸಿ ಗೋಡೆಯನ್ನು ಸರಿಸಿದರೆ, ಅವು ತಾವೇ ವಾಲಿದೆವೆಂದು ಭ್ರಮಿಸಿ ವಾಲಿಬಿಡುತ್ತಿದ್ದವು! ಕೂರುವುದರಲ್ಲಿ ಕಣ್ಣಿನ ಪಾತ್ರ ಎಷ್ಟೆಂಬುದು ಇದರಿಂದ ತಿಳಿಯುತ್ತದೆ. ಬೀಳುವಾಗ ಕೈಕೊಟ್ಟು ತಡೆಯುವ ಚುರುಕು ಕೂಡ ಕ್ರಮವಾಗಿ ಬರುತ್ತದೆ, ಮೊದಲು ಮುಂದಕ್ಕೆ, ಬಳಿಕ ಪಕ್ಕಕ್ಕೆ, ಕೊನೆಗೆ ಹಿಂದಕ್ಕೆ. ಆದುದರಿಂದಲೇ ಚೆನ್ನಾಗಿ ಕೂತ ಕೂಸೂ ಕೆಲವು ವಾರ ಅಂಗಾತ ಬೀಳುತ್ತಿರುತ್ತದೆ. ಹಿಂದೆ ಕಂಬಳಿಯನ್ನು ಮಡಿಸಿಡುವ ಅಜ್ಜಿಗೆ ಈ ಶಾಸ್ತ್ರ ಓದದೆಯೇ ಗೊತ್ತು.

ಇನ್ನು ಎರಡು ಪಕ್ಷಗಳ ವಾದ. ಅಮೆರಿಕಾದ ಯೇಲ್ ವಿಶ್ವವಿದ್ಯಾನಿಲಯದ ಆರ್ನಲ್ಡ್ ಗೆಸೆಲ್ ಎಂಬುವರು, ಇದೆಲ್ಲವೂ ಒಳಗಿನ ಪಕ್ವತೆಯಿಂದ ಆಗತಕ್ಕದ್ದು, ಹಣ್ಣು ತನ್ನ ಕಾಲಕ್ಕೆ ಮಾಗುವಂತೆ ಕೂಸು ತನ್ನ ಕಾಲಕ್ಕೆ ಕೂರುತ್ತದೆ ಎಂದರು. ಇದಕ್ಕೆ ಬಲವಾದ ಸಾಕ್ಷ್ಯವೂ ದೊರೆಯಿತು. ಅಮೆರಿಕಾದ ಮೂಲನಿವಾಸಿಗಳಾದ ಹೋಪಿ ಜನ ಕೂಸನ್ನು ಬಟ್ಟೆಯಿಂದ ಸುತ್ತಿ ಹಲಗೆಗೆ ಕಟ್ಟಿ ಬೆಳೆಸುತ್ತಿದ್ದರು. ಕೆಲವು ಹಳ್ಳಿಗಳಲ್ಲಿ ಈ ಪದ್ಧತಿ ಬಿಟ್ಟುಹೋಗಿತ್ತು. ಡೆನ್ನಿಸ್ ದಂಪತಿಗಳು ಎರಡೂ ಬಗೆಯ ಮಕ್ಕಳನ್ನು ಹೋಲಿಸಿ 1940 ರಲ್ಲಿ ಬರೆದ ಪ್ರಕಾರ ಅವು ನಡೆದ ವಯಸ್ಸಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಜೋಲಿಯಲ್ಲಿಟ್ಟದ್ದರಿಂದ ಬೆನ್ನು ಕೆಟ್ಟಿತೆಂದು ನಮ್ಮಕ್ಕನನ್ನು ದೂರಿದವರಿಗೆ ಇದು ಉತ್ತರ.

ಅಷ್ಟಕ್ಕೆ ನಿಲ್ಲಿಸಿದರೆ ಅರ್ಧಸತ್ಯವಾದೀತು. ಅದೇ ವೇನ್ ಡೆನ್ನಿಸ್‌ರವರು ಇಪ್ಪತ್ತು ವರ್ಷಗಳ ಮೇಲೆ, 1960 ರಲ್ಲಿ, ಇರಾನಿನ ಟೆಹರಾನ್ ನಗರದ ಅನಾಥಾಲಯಗಳನ್ನು ಕುರಿತು ಬರೆದರು. ಒಂದು ಅನಾಥಾಲಯದಲ್ಲಿ ಒಂದರಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 42 ಮಾತ್ರ ಕೂರಬಲ್ಲವಾಗಿದ್ದವು. ಅವಕ್ಕೆ ಹಾಲಿಗೆ, ಹಾಸಿಗೆಗೆ ಕೊರತೆಯಿರಲಿಲ್ಲ. ಹಗಲಿರುಳೂ ತೊಟ್ಟಿಲಲ್ಲಿ ಅಂಗಾತ ಮಲಗಿರುತ್ತಿದ್ದವು. ಎತ್ತಿಕೊಳ್ಳುವ, ಬೋರಲು ಹಾಕುವ, ಕೂರಿಸಿ ಹಿಡಿಯುವ ಕೈಗಳು ಇರಲಿಲ್ಲ. ಹೋಪಿ ಕೂಸನ್ನು ಹಲಗೆಗೆ ಕಟ್ಟಿದ್ದರೂ ಅದು ತಾಯಿಯ ಕೈಯಲ್ಲಿತ್ತು, ಬೆಳೆದಂತೆಲ್ಲ ಹೆಚ್ಚುಹೆಚ್ಚು ಹೊತ್ತು ಬಿಚ್ಚಿಬಿಡುತ್ತಿದ್ದರು. ಎರಡು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರೆ ನನಗೆ ತೋರುವುದಿಷ್ಟು. ಪಕ್ವತೆಯೆಂಬುದು ಬೀಜದಲ್ಲಿರುವುದು ನಿಜ. ಕೈಗಳು ಮಳೆಯ ಹಾಗೆ. ಮಳೆ ತುಸು ತಡವಾದರೆ ಬೆಳೆ ತಡೆದುಕೊಂಡೀತು, ಪೂರ್ತಿ ಕೈಕೊಟ್ಟರೆ ತಡೆಯದು.

ಕೈಗಳಿಂದ ಕಾಲವನ್ನು ಮುಂದಕ್ಕೆ ತರಬಹುದೇ? ಕೊಂಚ ತರಬಹುದು. ಕೀನ್ಯಾ ದೇಶದ ಪಶ್ಚಿಮದ ಬೆಟ್ಟಗಳಲ್ಲಿ ಕಿಪ್ಸಿಗಿಸ್ ಎಂಬ ಜನರಿದ್ದಾರೆ. ಅವರು ಕೂಸಿಗೆ ಕೂರುವುದನ್ನು ಬುದ್ಧಿಪೂರ್ವಕವಾಗಿ ಕಲಿಸುತ್ತಾರೆ. ನೆಲದಲ್ಲಿ ಸಣ್ಣ ಗುಳಿ ತೋಡಿ, ಬಟ್ಟೆ ಒತ್ತಿ, ಅದರಲ್ಲಿ ಕೂರಿಸುತ್ತಾರೆ. ಚಾರ್ಲ್ಸ್ ಸೂಪರ್ ಎಂಬ ವಿದ್ವಾಂಸರು 1976 ರಲ್ಲಿ ತೋರಿಸಿದಂತೆ ಅವರ ಮಕ್ಕಳು ಪಾಶ್ಚಾತ್ಯ ಮಕ್ಕಳಿಗಿಂತ ಸುಮಾರು ಒಂದು ತಿಂಗಳು ಮೊದಲೇ ಕೂರುತ್ತವೆ. ಕಲಿಸದ ಕೆಲಸಗಳಲ್ಲಿ, ಎಂದರೆ ಮಗುಚಿಕೊಳ್ಳುವುದು, ಅಂಬೆಗಾಲಿಕ್ಕುವುದು ಇವುಗಳಲ್ಲಿ, ಆ ಮುನ್ನಡೆ ಕಾಣಲಿಲ್ಲ. ನಮ್ಮ ಬಾಣಂತಿ ಆರೈಕೆಯಲ್ಲಿಯೂ ಅಂಥದೊಂದು ಪಾಠವಿದೆ. ಬಚ್ಚಲಲ್ಲಿ ಕಾಲು ಚಾಚಿ ಕುಳಿತ ಅಜ್ಜಿ ಕೂಸನ್ನು ಕಾಲ ಮೇಲೆ ಹಾಕಿ, ಎಣ್ಣೆ ತಿಕ್ಕಿ, ಕೈಕಾಲು ನೀವಿ, ಬೋರಲು ತಿರುವಿ, ಕಂಕುಳಿಗೆ ಕೈಕೊಟ್ಟು ಕೂರಿಸಿ ನೀರು ಹೊಯ್ಯುವುದು ದಿನವೂ ನಡೆಯುವ ಅಂಗಸಾಧನೆಯೇ ಸರಿ. ಹಳೆಯ ಆಯುರ್ವೇದ ಗ್ರಂಥವಾದ ಕಾಶ್ಯಪ ಸಂಹಿತೆಯಲ್ಲಿ ಉಪವೇಶನವೆಂಬ ಸಂಸ್ಕಾರವೇ ಇದೆ. ಆರನೆಯ ತಿಂಗಳಲ್ಲಿ ಕೂಸನ್ನು ನೆಲದ ಮೇಲೆ ಕೂರಿಸಬೇಕು, ಆದರೆ ಅಲ್ಪ ಹೊತ್ತು ಮಾತ್ರ. ಸಂತೆಯಲ್ಲಿ ಈಗ ಮಾರುವ ಚಕ್ರದ ವಾಕರನ್ನು ಕೊಂಡುತಂದು ಅದರಲ್ಲಿ ಕೂಸನ್ನು ತುರುಕುವವರಿಗೆ ಹೇಳಬೇಕಾದ ಮಾತೊಂದಿದೆ. 1999 ರ ಒಂದು ಅಮೆರಿಕನ್ ಅಧ್ಯಯನದಲ್ಲಿ ವಾಕರಿನ ಕೂಸುಗಳು ಕೂತದ್ದೂ ನಡೆದದ್ದೂ ಉಳಿದವಕ್ಕಿಂತ ತಡವಾಗಿ. ಕೆನಡಾ ದೇಶ 2004 ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು.

ಈ ತಿಳಿವಳಿಕೆಯಿಂದ ನಮ್ಮ ಬೆಟ್ಟಗಳ ಕಡೆಗೆ ತಿರುಗಿ ನೋಡೋಣ. ಕೂರಲು ಕಲಿಯುವ ಕೂಸಿಗೆ ಎರಡೇ ವಸ್ತುಗಳು ಬೇಕು: ಒಣಗಿದ ನೆಲ, ಬಿಡುವಿನ ಕೈ. ಮೂಡಿಗೆರೆ, ಕಳಸದ ಕಡೆ ಇವೆರಡೂ ಒಟ್ಟಿಗೆ ಸಿಕ್ಕುವ ತಿಂಗಳುಗಳು ಎಷ್ಟು? ಡಿಸೆಂಬರಿನಲ್ಲಿ ಹುಟ್ಟಿದ ಕೂಸಿಗೆ ಆರು ತಿಂಗಳು ತುಂಬುವುದು ಜೂನಿನಲ್ಲಿ. ಮಳೆ ಹಿಡಿದರೆ ಸೆಪ್ಟೆಂಬರಿನ ತನಕ ಬಿಡುವುದಿಲ್ಲ. ಲೈನಿನ ನೆಲದಲ್ಲಿ ಶೀತ ಏಳುತ್ತದೆ, ಹಾಸಿದ ಚಾಪೆಗೆ ಬೂಷ್ಟು ಬರುತ್ತದೆ, ಬಾಗಿಲಿಂದಾಚೆ ಜಿಗಣೆ. ಅಂಥ ನೆಲದ ಮೇಲೆ ಕೂಸನ್ನು ಬಿಡುವುದಕ್ಕೆ ಯಾವ ತಾಯಿಗೆ ಮನಸ್ಸು ಬಂದೀತು? ಕಂಬಳಿಯಲ್ಲಿ ಸುತ್ತಿ ಒಲೆಯ ಹತ್ತಿರ ಜೋಲಿಯಲ್ಲಿಡುತ್ತಾಳೆ. ಜೂನಿನಲ್ಲಿ ಹುಟ್ಟಿದ ಕೂಸಿಗೆ ಆರು ತುಂಬುವುದು ಡಿಸೆಂಬರಿನಲ್ಲಿ. ಆಗ ನೆಲ ಒಣಗಿದೆ, ಕಣದಲ್ಲಿ ಬಿಸಿಲು ಬಿದ್ದಿದೆ. ಆದರೆ ಹಣ್ಣು ಕೊಯ್ಲು. ನವೆಂಬರಿನಿಂದ ಅರೇಬಿಕಾ, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ. ಕುಯ್ದ ತೂಕದ ಮೇಲೆ ಕೂಲಿ ಬರುವ ದಿನಗಳಲ್ಲಿ ಸಿಲ್ವರ್ ಓಕ್ ಮರಕ್ಕೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿ ತಾಯಿ ಸಾಲು ಹಿಡಿಯುತ್ತಾಳೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹುಟ್ಟಿದ ಕೂಸೇ ಪುಣ್ಯವಂತ. ಅದು ಕೂರುವ ಹೊತ್ತಿಗೆ ಕೊಯ್ಲು ಮುಗಿಯುತ್ತ ಬಂದಿರುತ್ತದೆ, ಹೂಮಳೆಯ ಕಾಲ, ನೆಲ ಬೆಚ್ಚಗಿರುತ್ತದೆ.

ಇದು ಬರಿಯ ಊಹೆಯಲ್ಲ. ಇಸ್ರೇಲಿನ ಹೈಫಾದಲ್ಲಿ ಇದೇ ಬಗೆಯ ಪ್ರಶ್ನೆಯನ್ನು ಕೇಳಿದ ವಿದ್ವಾಂಸರಿಗೆ, ಚಳಿಗಾಲ, ವಸಂತದಲ್ಲಿ ಹುಟ್ಟಿದ ಮಕ್ಕಳು ಬೇಸಗೆ, ಶರತ್ಕಾಲದಲ್ಲಿ ಹುಟ್ಟಿದವಕ್ಕಿಂತ ಸುಮಾರು ಐದು ವಾರ ಮೊದಲೇ ಅಂಬೆಗಾಲಿಕ್ಕಿದ್ದು ಕಂಡುಬಂತು. ಎರಡನೆಯ ಗುಂಪಿನವು ನೆಲಕ್ಕಿಳಿಯುವ ಕಾಲಕ್ಕೆ ಚಳಿ ಬಂದು ದಪ್ಪ ಬಟ್ಟೆಯೊಳಗೆ ಸೇರಿದ್ದವು. ಅದು ಅಂಬೆಗಾಲಿನ ಮಾತು, ಕೂರುವುದರದಲ್ಲ. ಆದರೂ ಹವೆ ನೆಲವನ್ನು ಆಳುತ್ತದೆ, ನೆಲ ಕೂಸನ್ನು ಆಳುತ್ತದೆ ಎಂಬುದು ಎರಡಕ್ಕೂ ಒಂದೇ. ನಮ್ಮಕ್ಕನ ಮಗು ಹುಟ್ಟಿದ್ದು ಮಳೆ ಹಿಡಿದ ವಾರ. ಕೊಯ್ಲಿನ ನಡುವೆ ಅದಕ್ಕೆ ಏಳು ತುಂಬಿತು. ಫೆಬ್ರವರಿಯಲ್ಲಿ ಅವಳಿಗೆ ಕಣದ ಕೆಲಸ ಸಿಕ್ಕಿ, ಕಾಫಿ ಹರಡುವ ಜಾಗದ ಪಕ್ಕದಲ್ಲಿಯೇ ಗೋಣಿ ಹಾಸಿ ಬಿಟ್ಟುಕೊಂಡಳು. ಎರಡೇ ವಾರದಲ್ಲಿ ಕೈಯೂರಿ ಕೂತಿತು, ಇನ್ನೆರಡು ವಾರಕ್ಕೆ ಕೈಬಿಟ್ಟು ಕೂತು ಕಾಫಿಹಣ್ಣನ್ನು ಬಾಯಿಗಿಡಲು ಹವಣಿಸಿತು. ವಂಶದ ಮಾತನ್ನು ಆಡಿದವರು ಆಮೇಲೆ ಅದರ ತುಂಟತನವನ್ನು ಆಡತೊಡಗಿದರು.

ಕೈಬಿಟ್ಟು ಕೂತದ್ದರಿಂದ ಆಗುವ ಲಾಭವೇನೆಂದು ಕೇಳಿದರೆ, ಆ ಕಾಫಿಹಣ್ಣೇ ಸಾಕ್ಷಿ. ಅಂಗಾತ ಮಲಗಿದ ಕೂಸಿಗೆ ಜಗತ್ತೆಂದರೆ ಹಂಚಿನ ಮಾಡು. ಕೂತ ಕೂಸಿಗೆ ಎರಡು ಕೈಗಳೂ ಬಿಡುವಾಗುತ್ತವೆ. ಸಿಕ್ಕಿದ್ದನ್ನು ಎತ್ತಿ, ತಿರುವಿ, ಹಿಂದುಮುಂದು ನೋಡುತ್ತದೆ. 2010 ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಾನಾಗಿ ಕೂರಬಲ್ಲ ಕೂಸುಗಳು ಒಂದು ವಸ್ತುವಿನ ಮುಂಭಾಗವನ್ನು ಕಂಡು ಕಾಣದ ಹಿಂಭಾಗವೂ ಇದೆಯೆಂಬುದನ್ನು ಗ್ರಹಿಸುವುದರಲ್ಲಿ ಮುಂದಿದ್ದವೆಂದು ತೋರಿಸಿದ್ದಾರೆ. ಯಾವ ವಸ್ತುವಿಗೂ ಕಾಣದ ಇನ್ನೊಂದು ಮುಖವಿದೆ ಎಂಬ ಅರಿವು ತತ್ತ್ವಶಾಸ್ತ್ರದ ಮೊದಲ ಪಾಠವಲ್ಲವೇ!

ಇಷ್ಟೆಲ್ಲ ಹೇಳಿದುದರಿಂದ, ತಡವಾದರೆ ಚಿಂತೆಯೇ ಬೇಡವೆಂದು ಯಾರೂ ತಿಳಿಯಬಾರದು. ನನಗೆ ಗೊತ್ತಿದ್ದ ಇನ್ನೊಂದು ಕೂಸು ಹತ್ತು ತಿಂಗಳಾದರೂ ಕೂರಲಿಲ್ಲ. ಎತ್ತಿಕೊಂಡರೆ ಕಾಲುಗಳು ಕತ್ತರಿಯಂತೆ ಹೆಣೆದುಕೊಂಡು ಸೆಟೆಯುತ್ತಿದ್ದವು. "ಗಂಡುಮಕ್ಕಳು ನಿಧಾನ" ಎಂದು ಮನೆಯವರೂ ನೆರೆಯವರೂ ಸಮಾಧಾನ ಹೇಳಿದರು. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಒಂದೂವರೆ ವರ್ಷ ಕಳೆದಿತ್ತು. ಅಕ್ಕನ ಮಗುವನ್ನು ಸುಮ್ಮನೆ ದೂರಿದ ಬಾಯಿಗಳೇ ಈ ಮಗುವಿಗೆ ಸುಮ್ಮನೆ ಸಮಾಧಾನ ಹೇಳಿದವು. ಆದುದರಿಂದ ಗಡುವೊಂದು ಬೇಕು, ಅದು ಸರಿಯಾದ ಗಡುವಾಗಿರಬೇಕು. ಒಂಬತ್ತು ತಿಂಗಳು ತುಂಬಿದರೂ ಕೂರದ ಕೂಸನ್ನು ವೈದ್ಯರಿಗೆ ತೋರಿಸಲೇಬೇಕು. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಾಗಿದ್ದ ದಿನದಿಂದ ಎಣಿಸಬೇಕು. ಮೈ ಒದ್ದೆ ಬಟ್ಟೆಯಂತೆ ಜೋಲುತ್ತಿದ್ದರೆ, ಕಟ್ಟಿಗೆಯಂತೆ ಸೆಟೆಯುತ್ತಿದ್ದರೆ, ಐದು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂದೇ ಕೈಯನ್ನು ಬಳಸುತ್ತಿದ್ದರೆ ಒಂಬತ್ತರವರೆಗೂ ಕಾಯಬಾರದು. ಥೈರಾಯಿಡ್ ಕೊರತೆಯಂತೆ ಬೇಗ ಕಂಡುಹಿಡಿದರೆ ಔಷಧಿಗೆ ಬಗ್ಗುವ ಕಾರಣಗಳೂ ಉಂಟು. ಔಷಧಿಗೆ ಬಗ್ಗದವಕ್ಕೂ ಬೇಗ ಆರಂಭಿಸಿದ ಅಂಗಸಾಧನೆ ಬಹಳ ಮಟ್ಟಿಗೆ ಒದಗುತ್ತದೆ. 2013 ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಉದ್ದೇಶಗಳಲ್ಲಿ ಇಂಥ ಮಕ್ಕಳನ್ನು ಗುರುತಿಸುವುದೂ ಒಂದು.

ಬಿಡುವಿನ ಕೈಗಳ ವಿಷಯದಲ್ಲಿ ಕಾನೂನು ಏನನ್ನೂ ಹೇಳಿಲ್ಲವೆಂದಲ್ಲ. 1951 ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ, 50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಮನೆಯಿರಬೇಕೆಂದು ವಿಧಿಸಿತು. ನಮ್ಮ ಜಿಲ್ಲೆಯ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು. ಐದಾರು ಹೆಂಗಸರು ದುಡಿಯುವ ತೋಟಕ್ಕೆ ಆ ನಿಯಮ ಮುಟ್ಟಲೇ ಇಲ್ಲ. 1961 ರ ಹೆರಿಗೆ ಸೌಲಭ್ಯ ಕಾಯಿದೆಗೆ 2017 ರಲ್ಲಿ ತಿದ್ದುಪಡಿಯಾಗಿ ರಜೆ 26 ವಾರಕ್ಕೆ ಏರಿತು. ಲೆಕ್ಕ ಹಾಕಿ ನೋಡಿ: ರಜೆ ಪೂರ್ತಿ ಸಿಕ್ಕಿದ ತಾಯಿ ಕೆಲಸಕ್ಕೆ ಮರಳುವುದು ಕೂಸು ಕೂರಲು ಹವಣಿಸುವ ವಾರಗಳಲ್ಲಿಯೇ. ಸಣ್ಣ ತೋಟದ ದಿನಗೂಲಿಯವಳಿಗಂತೂ ರಜೆಯೆಂದರೆ ಕೂಲಿಯಿಲ್ಲದ ದಿನ. ಮೊದಲೆಲ್ಲ ಲೈನಿನಲ್ಲಿ ಅಜ್ಜಿಯಿರುತ್ತಿದ್ದಳು. ಈಗ ಅಸ್ಸಾಮಿನಿಂದ, ಜಾರ್ಖಂಡದಿಂದ ಬಂದು ಲೈನುಗಳಲ್ಲಿರುವ ಎಳೆಯ ದಂಪತಿಗಳು ಅಜ್ಜಿಯನ್ನು ಬಹುದೂರ ಹಿಂದೆ ಬಿಟ್ಟು ಬಂದಿದ್ದಾರೆ. ಅವರ ಕೂಸನ್ನು ಕೂರಿಸಿ ಹಿಡಿಯುವುದು ಹೆಚ್ಚೆಂದರೆ ಐದು ವರ್ಷದ ಅಕ್ಕ. ಅಂಗನವಾಡಿಯಲ್ಲಿ ಹಗಲು ಹೊತ್ತು ಕೂರಿಸಿಕೊಳ್ಳುವುದು ಮೂರು ತುಂಬಿದ ಮಕ್ಕಳನ್ನು. ರಾಜ್ಯ ಸರ್ಕಾರ 2023 ರಿಂದೀಚೆಗೆ ಗ್ರಾಮ ಪಂಚಾಯತಿಗಳಲ್ಲಿ "ಕೂಸಿನ ಮನೆ" ಎಂಬ ಕೇಂದ್ರಗಳನ್ನು ತೆರೆಯಲು ತೊಡಗಿದ್ದು ಸಂತೋಷದ ಸಂಗತಿ. ಅಂಥದು ತೋಟದ ಸಾಲಿಗೆ ಹತ್ತಿರದಲ್ಲಿರಬೇಕು, ಮಳೆಗಾಲದಲ್ಲಿ ಬೆಚ್ಚಗಿರುವ ಹಲಗೆಯ ನೆಲವಿರಬೇಕು, ಕೊಯ್ಲಿನ ಸಮಯಕ್ಕೆ ತಕ್ಕಂತೆ ಬೆಳಿಗ್ಗೆ ಬೇಗ ಬಾಗಿಲು ತೆರೆಯಬೇಕು. ಆಟದ ಸಾಮಾನು ಇಲ್ಲದಿದ್ದರೂ ನಡೆದೀತು.

ಅದಕ್ಕೂ ಮೊದಲು, ಹಣವೇ ಬೇಡದ ಒಂದು ಕೆಲಸವಿದೆ. ಒಂಬತ್ತು ತಿಂಗಳು ತುಂಬಿದ ಕೂಸಿಗೆ ದಡಾರ, ರುಬೆಲ್ಲಾ ಲಸಿಕೆ ಹಾಕಿಸುವುದಕ್ಕೆ ತಾಯಂದಿರು ಹೇಗೂ ಬರುತ್ತಾರೆ, ಮಳೆಯಿರಲಿ ಕೊಯ್ಲಿರಲಿ. ಕೂಸು ಕಂಕುಳಲ್ಲಿರುತ್ತದೆ, ಲಸಿಕೆ ಹಾಕಿಸಿಕೊಂಡು ಅಳುತ್ತ ಕಂಕುಳಲ್ಲಿಯೇ ಹಿಂತಿರುಗುತ್ತದೆ. ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ಚಿತ್ರಗಳಿವೆ; ಸಾಲು ಉದ್ದವಿರುವ ದಿನ ಅವನ್ನು ಯಾರೂ ತಿರುವಿ ನೋಡುವುದಿಲ್ಲ. ಸೂಜಿ ಚುಚ್ಚುವ ಮೊದಲು, ಕೂಸು ಇನ್ನೂ ನಗುತ್ತಿರುವಾಗ, ಮೂಲೆಯಲ್ಲೊಂದು ಚಾಪೆ ಹಾಸಿ ಅದನ್ನು ಕೆಳಗೆ ಕೂರಿಸಿ, ಕೈ ತೆಗೆದು, ಹತ್ತು ಎಣಿಸಬೇಕು. ಆಶಾ ಕಾರ್ಯಕರ್ತೆಯೇ ಎಣಿಸಬೇಕೆಂದಿಲ್ಲ. ಜೊತೆಯಲ್ಲಿ ಹೋದ ಚಿಕ್ಕಮ್ಮ ಎಣಿಸಿದರೂ ಆದೀತು.